ಮುಖ ಮುಟ್ಟುವ ಕೆಲಸ



ಮೇಕಪ್ ತರಬೇತಿಯ ಮಾಹಿತಿ ಹಾಕಿದಾಗಲೆಲ್ಲ ನಮ್ಮ ಕೆಲವು ಸಂಗಾತಿಗಳು ಕೇಳ್ತಾರೆ: "ಏನಕ್ಕಾ, ಚಳವಳಿಗೂ ಲಿಪ್‌ಸ್ಟಿಕ್‌ಗೂ ಏನು ಸಂಬಂಧ? ನಮ್ಮ ಹೆಣ್ಣುಮಕ್ಕಳು ಐಎಎಸ್ ಓದಲಿ, ಲಾಯರ್ ಆಗಲಿ. ಬ್ಯೂಟಿ ಪಾರ್ಲರ್ ಯಾಕೆ?"

ಐಎಎಸ್ ಓದೋರು ಓದಲಿ, ಬೇಡ ಅಂದೋರು ಯಾರು? ಆದ್ರೆ ಪೀಣ್ಯ, ಲಗ್ಗೆರೆ, ದಾಸರಹಳ್ಳಿಯ ಒಂದೇ ರೂಮಿನ ಮನೆಗಳಲ್ಲಿ ಪಿಯುಸಿ ಮುಗಿಸಿ, "ಅಮ್ಮನ ಥರ ಗಾರ್ಮೆಂಟ್ಸ್‌ಗೆ ಹೋಗಲ್ಲ" ಅಂತ ಹಟ ಹಿಡಿದು ಕೂತಿರೋ ಹುಡುಗಿಯರಿಗೆ ನಾವು ಇವತ್ತು ಏನು ಹೇಳ್ತೀವಿ? ಅವರಲ್ಲಿ ಎಷ್ಟೋ ಜನ ಮೇಕಪ್ ಕಲೀತೀನಿ ಅಂತಿದ್ದಾರೆ. ರೀಲ್ಸ್ ನೋಡಿ ಬಂದ ಆಸೆ ಅಂತ ತಳ್ಳಿಹಾಕೋದು ಸುಲಭ. ನಾನು ತಳ್ಳಿಹಾಕಲ್ಲ. ಪೋಸ್ಟ್ ಉದ್ದ ಇದೆ, ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೇಕಪ್ ಮುಟ್ಟದೆ ಮಾಡೋಕಾಗದ ಕೆಲಸ. ಅಳತೆ ಬ್ಲೌಸ್ ಇದ್ರೆ ಟೈಲರ್ ಗಿರಾಕಿಯ ಮುಖ ನೋಡದೆಯೂ ಹೊಲಿದು ಕೊಡಬಹುದು. ಪೀಣ್ಯದಲ್ಲಿ ಹೊಲಿದ ಶರ್ಟು ಯಾರ ಕೈಯಿಂದ ಬಂತು ಅಂತ ತೊಡುವವರಿಗೆ ಗೊತ್ತೇ ಆಗಲ್ಲ. ಮದುವಣಗಿತ್ತಿಯ ಮೇಕಪ್ ಹಾಗಲ್ಲ. ಅವಳ ಗಲ್ಲ ಹಿಡಿದು ಮುಖ ಎತ್ತಬೇಕು, ರೆಪ್ಪೆ ಎಳೆದು ಕಾಡಿಗೆ ತೀಡಬೇಕು, ತುಟಿಗೆ ಬಣ್ಣ ಹಚ್ಚಬೇಕು, ಸೆರಗಿಗೆ ಪಿನ್ನು ಹಾಕಬೇಕು. ಎರಡು ಮೂರು ಗಂಟೆ ಒಬ್ಬಳ ಉಸಿರು ಇನ್ನೊಬ್ಬಳಿಗೆ ತಾಗುವಷ್ಟು ಹತ್ತಿರ. ಅದೂ ಮನೆಯವರು ಮಡಿ, ಶಾಸ್ತ್ರ, ಮುಹೂರ್ತ ಅಂತ ಓಡಾಡ್ತಿರೋ ದಿನ.

ಮುಟ್ಟಬಾರದು ಅಂತ ಸಾವಿರಾರು ವರ್ಷ ದೂರ ಇಟ್ಟ ಜನರ ಮಗಳು ಆ ಮುಖ ಮುಟ್ಟೋಕೆ ಹೊರಟಿದ್ದಾಳೆ. ಇದಕ್ಕಿಂತ ನೇರವಾಗಿ ಅಸ್ಪೃಶ್ಯತೆಗೆ ಎದುರು ನಿಲ್ಲೋ ಕಸುಬು ಇನ್ಯಾವುದಿದೆ ಹೇಳಿ.

ಅಲಂಕಾರ ನಮ್ಮ ವಿಷಯ ಅಲ್ಲ ಅನ್ನೋರು ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೆದು ನೋಡಲಿ. ಚಂಡಾಲರು ಹೆಣದ ಬಟ್ಟೆ ಉಡಬೇಕು, ಕಬ್ಬಿಣದ ಒಡವೆ ಹಾಕಬೇಕು ಅಂತ ಬರೆದಿಟ್ಟಿದ್ದಾರೆ. ಯಾರು ಹೇಗೆ ಕಾಣಬೇಕು ಅನ್ನೋದನ್ನೂ ಜಾತಿಯೇ ತೀರ್ಮಾನ ಮಾಡ್ತಿತ್ತು. ಅದಕ್ಕೇ 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಮನುಸ್ಮೃತಿ ಸುಟ್ಟ ಆ ದಿನಗಳಲ್ಲೇ ಬಾಬಾಸಾಹೇಬರು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಬಟ್ಟೆ ಒಡವೆಯ ಮಾತಾಡಿದರು. ಅಸ್ಪೃಶ್ಯರು ಅಂತ ದೂರದಿಂದಲೇ ಗುರುತು ಹಿಡಿಸುವ ಹಾಗೆ ಸೀರೆ ಉಡೋದು ಬಿಡಿ, ಆ ಗುರುತಿನ ಒಡವೆಗಳನ್ನು ಬಿಡಿ ಅಂದರು. ಸಂವಿಧಾನ ಬರೆದ ಮನುಷ್ಯನಿಗೆ ಸೀರೆಯ ನೆರಿಗೆ ಸಣ್ಣ ವಿಷಯ ಅನ್ನಿಸಲಿಲ್ಲ. ನಮಗ್ಯಾಕೆ ಅನ್ನಿಸಬೇಕು?

ಇನ್ನೊಂದು ಗಮನಿಸಿ. ಮೈ ಮುಟ್ಟುವ ಕೆಲಸವನ್ನು ಜಾತಿ ವ್ಯವಸ್ಥೆ ಯಾವತ್ತೂ ಕೀಳು ಅಂತಲೇ ಇಟ್ಟಿತ್ತು. ಕ್ಷೌರಿಕ ಸಮುದಾಯದವರು ಆ ಅವಮಾನ ಉಂಡಿದ್ದಾರೆ, ಅದೇ ವ್ಯವಸ್ಥೆ ಅವರ ಅಂಗಡಿಯ ಕುರ್ಚಿಯಲ್ಲಿ ನಮ್ಮವರು ಕೂರಬಾರದು ಅಂತಲೂ ಮಾಡಿತ್ತು. ಈಗ ಅದೇ ಕೆಲಸಕ್ಕೆ ಕನ್ನಡಿ, ಎಸಿ, ಇನ್‌ಸ್ಟಾ ಪೇಜ್ ಸೇರಿ 'ಆರ್ಟಿಸ್ಟ್' ಅನ್ನೋ ಹೆಸರು ಬಂದಿದೆ. ಹೆಸರು ಬಂದ ಮೇಲೆ ದುಡ್ಡು ಬಂತು, ದುಡ್ಡು ಬಂದ ಮೇಲೆ ದೊಡ್ಡ ಮನೆಯವರೂ ಬಂದರು. ಬರಲಿ. ಆದ್ರೆ ಕೆಲಸ ಕೀಳಾಗಿದ್ದಾಗ ನಮ್ಮಂಥವರದು, ಮೇಲಾದಾಗ ಅವರದು ಅನ್ನೋ ಲೆಕ್ಕಕ್ಕೆ ನಾವು ತಲೆ ಆಡಿಸಬಾರದು.

ಈ ಕಸುಬಿನ ಬಾಗಿಲು ತಾನಾಗಿ ತೆರೆಯೋದೂ ಇಲ್ಲ. ಮುಂಬೈನ ಸಿನಿಮಾ ಮೇಕಪ್ ಕಲಾವಿದರ ಸಂಘದಲ್ಲಿ ಹೆಂಗಸರಿಗೆ ಮೇಕಪ್ ಆರ್ಟಿಸ್ಟ್ ಕಾರ್ಡೇ ಕೊಡ್ತಿರಲಿಲ್ಲ, ಗೊತ್ತಾ? ಹೆಂಗಸರು ಕೂದಲು ಬಾಚಬಹುದು, ಮುಖಕ್ಕೆ ಬಣ್ಣ ಗಂಡಸರೇ ಹಚ್ಚಬೇಕು. ಐವತ್ತಕ್ಕೂ ಹೆಚ್ಚು ವರ್ಷ ಹೀಗೇ ನಡೀತು. ಚಾರು ಖುರಾನಾ ಅನ್ನೋ ಕಲಾವಿದೆ ಮತ್ತು ಇನ್ನು ಕೆಲವರು ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್ 10ರಂದು ನ್ಯಾಯಮೂರ್ತಿ ದೀಪಕ್ ಮಿಶ್ರಾ ಮತ್ತು ಯು.ಯು. ಲಲಿತ್ ಅವರ ಪೀಠ ಆ ನಿಯಮವನ್ನು ಕಿತ್ತುಹಾಕಿತು. ಹೆಂಗಸರನ್ನು ಹೊರಗಿಡೋಕೆ ಕೊಡ್ತಿದ್ದ ಕಾರಣ ಏನು? ಅವರು ಬಂದ್ರೆ ಗಂಡಸರ ಹೊಟ್ಟೆಪಾಡು ಹೋಗುತ್ತೆ ಅಂತ. ಅಲ್ಲಿ ಹೊರಗಿಡೋ ನಿಯಮ ಕಾಗದದ ಮೇಲಿತ್ತು, ಕೋರ್ಟಲ್ಲಿ ತೋರಿಸೋಕಾಯ್ತು. ನಮ್ಮ ಹುಡುಗಿಯರನ್ನು ಹೊರಗಿಡೋ ನಿಯಮ ಯಾವ ಕಾಗದದ ಮೇಲೂ ಇಲ್ಲ. ಕಷ್ಟ ಇರೋದೇ ಅಲ್ಲಿ.

ಈಗ ತರಬೇತಿಯ ವಿಷಯ. ಕಲಿಯೋಕೆ ದಾರಿ ಇಲ್ಲ ಅಂತ ನಾನು ಹೇಳಲ್ಲ. ಐಟಿಐಗಳಲ್ಲಿ ಕಾಸ್ಮೆಟಾಲಜಿ ಅನ್ನೋ ಒಂದು ವರ್ಷದ ಟ್ರೇಡ್ ಇದೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ರೆ ಸಾಕು. ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ಸಂಸ್ಥೆಯ ಶಾಖೆ ಅದು. ಅಲ್ಲಿ ಊಟ ವಸತಿ ಸಮೇತ ಬ್ಯೂಟಿ ಪಾರ್ಲರ್ ತರಬೇತಿ ಸುಮಾರು ಒಂದು ತಿಂಗಳು, ಫೀಸಿಲ್ಲ. 2015ರಿಂದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಹೆಸರಿನಲ್ಲೂ ಇಂಥ ಕೋರ್ಸ್‌ಗಳು ನಡೀತಿವೆ. ಇನ್ನು ಖಾಸಗಿ ಅಕಾಡೆಮಿಗಳು. ಅಲ್ಲಿ ಎರಡು ಮೂರು ತಿಂಗಳಿಗೆ ಹತ್ತಾರು ಸಾವಿರದಿಂದ ಲಕ್ಷ ದಾಟೋವರೆಗೂ ಕೇಳ್ತಾರೆ.

ಫ್ರೀ ತರಬೇತಿ ಮುಗಿಸಿದ ಹುಡುಗಿ ಸರ್ಟಿಫಿಕೇಟ್ ಹಿಡಿದು ಮನೆಗೆ ಬರ್ತಾಳೆ. ಫೋಟೋ ತೆಗೀತಾರೆ, ಫಲಾನುಭವಿಗಳ ಸಂಖ್ಯೆಗೆ ಒಂದು ಸೇರುತ್ತೆ, ಸರ್ಕಾರದ ಕೆಲಸ ಮುಗೀತು. ಹುಡುಗಿಯ ಕಷ್ಟ ಶುರುವಾಗೋದು ಮಾರನೇ ದಿನದಿಂದ.

ಲೆಕ್ಕ ಬರೆಯೋದು ನನ್ನ ಹೊಟ್ಟೆಪಾಡು, ಹಾಗಾಗಿ ಲಗ್ಗೆರೆಯ ಒಬ್ಬ ಹುಡುಗಿಯ ಜೊತೆ ಕೂತು ಅವಳ ಲೆಕ್ಕ ಬರೆದೆ. ಅಗ್ಗದ್ದೂ ಅಲ್ಲದ, ಅತಿ ದುಬಾರಿಯೂ ಅಲ್ಲದ ಸಾಮಾನು ಹಿಡಿದು ಹೀಗಾಯ್ತು: ಬ್ರಷ್ ಸೆಟ್ 2,500. ಫೌಂಡೇಶನ್ ಆರು ಶೇಡ್ 5,400. ಕನ್ಸೀಲರ್, ಕರೆಕ್ಟರ್ 2,200. ಕಣ್ಣಿನ ಬಣ್ಣ, ಲಿಪ್‌ಸ್ಟಿಕ್ ಪ್ಯಾಲೆಟ್ 3,300. ಪ್ರೈಮರ್, ಪೌಡರ್, ಸ್ಪ್ರೇ 3,400. ಅಂಟಿಸೋ ರೆಪ್ಪೆ, ಪಿನ್ನು, ಕೂದಲಿನ ಸಾಮಾನು 2,700. ಸ್ಟ್ರೈಟನರ್, ಟಾಂಗ್ಸ್ 4,500. ಲೈಟು, ಟ್ರಾಲಿ ಪೆಟ್ಟಿಗೆ 4,000. ಒಟ್ಟು 28,000 ರೂಪಾಯಿ. ಇಷ್ಟಿಲ್ಲದೆ ಯಾವ ಮದುವೆ ಮನೆಗೂ ಹೋಗೋಕಾಗಲ್ಲ. ಕೊಂಡಿದ್ದು ವರ್ಷಗಟ್ಟಲೆ ಬರೋದೂ ಇಲ್ಲ. ಮಸ್ಕಾರ ತೆರೆದ ಕೆಲವೇ ತಿಂಗಳಿಗೆ ಎಸೀಬೇಕು, ಇಲ್ಲದಿದ್ರೆ ಗಿರಾಕಿಯ ಕಣ್ಣಿಗೆ ಸೋಂಕು.

ಸಾಲ ತಗೊಳ್ಳಲಿ ಅಂತೀರಾ? ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ, ಅಡಮಾನ ಬೇಡ. ಕಾಗದದ ಮೇಲೆ ಸರಿಯಾಗಿದೆ. ಇವಳು ಹೋದ ಬ್ಯಾಂಕಿನಲ್ಲಿ "ಅಂಗಡಿ ಬಾಡಿಗೆ ಕರಾರು ತಗೊಂಡು ಬಾಮ್ಮ" ಅಂದರು. ಪೆಟ್ಟಿಗೆ ಹೊತ್ತು ಮನೆ ಮನೆಗೆ ಹೋಗೋಳಿಗೆ ಎಲ್ಲಿಯ ಅಂಗಡಿ? ಡಾ. ಬಿ.ಆರ್. ಅಂಬೇಡ್ಕರ್ ಅಭಿವೃದ್ಧಿ ನಿಗಮದ ಸ್ವಯಂ ಉದ್ಯೋಗ ಸಾಲಕ್ಕೆ ಅರ್ಜಿ ಹಾಕಬಹುದು. ಆದ್ರೆ ಅಲ್ಲಿ ಫಲಾನುಭವಿಗಳನ್ನು ಆರಿಸೋದು ಶಾಸಕರ ಅಧ್ಯಕ್ಷತೆಯ ಸಮಿತಿ. ಶಾಸಕರ ಹಿಂದೆ ಓಡಾಡೋ ಅಣ್ಣಂದಿರು ಇರೋ ಮನೆಗೂ, ಗಾರ್ಮೆಂಟ್ಸ್ ಅಮ್ಮ ಒಬ್ಬಳೇ ಇರೋ ಮನೆಗೂ ಎಷ್ಟು ವ್ಯತ್ಯಾಸ ಅಂತ ನಿಮಗೆ ಗೊತ್ತಿದೆ.

ಕಿಟ್ ಬಂತು ಅಂತಲೇ ಇಟ್ಕೊಳ್ಳಿ. ಒಂದು ತಿಂಗಳು ಕಲಿತ ಕೈಗೆ ಯಾರೂ ಮದುವಣಗಿತ್ತಿಯನ್ನು ಒಪ್ಪಿಸಲ್ಲ. ದೊಡ್ಡ ಆರ್ಟಿಸ್ಟ್ ಹಿಂದೆ ಅಸಿಸ್ಟೆಂಟ್ ಆಗಿ ವರ್ಷ ತಿರುಗಬೇಕು. ಇವಳಿಗೆ ಸಿಕ್ಕಿದ್ದು ಒಂದು ಮದುವೆಗೆ 600 ರೂಪಾಯಿ. ಬೆಳಗಿನ ಮುಹೂರ್ತ ಅಂದ್ರೆ ರಾತ್ರಿ ಮೂರಕ್ಕೇ ಛತ್ರದಲ್ಲಿರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ, ದೊಡ್ಡ ಉಪಕಾರ. ಆದ್ರೆ ರಾತ್ರಿ ಎರಡೂವರೆಗೆ ಲಗ್ಗೆರೆಯಲ್ಲಿ ಯಾವ ಬಸ್ಸು? ಆಟೋಗೆ 350. ಉಳಿದಿದ್ದು 250. ವಾಪಸ್ ಬರುವಾಗ ಬಸ್ ಫ್ರೀ, ಹೋಗುವಾಗ ಬಸ್ಸೇ ಇಲ್ಲ. ಜೊತೆಗೆ ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಅಪ್ಪನ ದುಡ್ಡಿರೋ ಹುಡುಗಿ ಈ ಒಂದು ವರ್ಷವನ್ನು 'ಅನುಭವ' ಅಂತ ಕಳೀತಾಳೆ. ನಮ್ಮ ಹುಡುಗಿ ನಾಲ್ಕನೇ ತಿಂಗಳಿಗೆ ಗಾರ್ಮೆಂಟ್ಸ್ ಗೇಟಿನ ಮುಂದೆ ನಿಂತಿರ್ತಾಳೆ.

ಬಣ್ಣದ ಮಾತಿಗೆ ಬರೋಣ. ನಾನು ನೋಡಿದ ತರಬೇತಿಗಳಲ್ಲಿ ಮಾಡೆಲ್ ಅಂತ ಕೂರಿಸೋದು ಬಿಳಿ ಹುಡುಗಿಯನ್ನೇ. ಕಪ್ಪು ಮೈಬಣ್ಣದವಳು ಕೂತರೆ ಎರಡು ಶೇಡ್ ಬೆಳ್ಳಗಿನ ಫೌಂಡೇಶನ್ ಬಳೀತಾರೆ. ಮುಖ ಬೂದಿ ಬಳಿದ ಹಾಗೆ, ಕುತ್ತಿಗೆ ಬೇರೆಯವರದ್ದು ಅನ್ನೋ ಹಾಗೆ ಕಾಣುತ್ತೆ. ಕಪ್ಪು ಚರ್ಮಕ್ಕೆ ಅದರದೇ ವಿದ್ಯೆ ಇದೆ: ಕಣ್ಣಿನ ಕೆಳಗಿನ ಕಪ್ಪಿಗೆ ಮೊದಲು ಕಿತ್ತಳೆ ಕರೆಕ್ಟರ್, ಆಮೇಲೆ ಕನ್ಸೀಲರ್. ಫೌಂಡೇಶನ್ ಕೆನ್ನೆಯ ಕೆಳಗೆ, ದವಡೆಯ ಹತ್ತಿರ ಹಚ್ಚಿ ಹಗಲು ಬೆಳಕಲ್ಲಿ ನೋಡಿ ಆರಿಸೋದು. ಬಿಳಿ ಪೌಡರ್ ಸುರಿದ್ರೆ ಫ್ಲ್ಯಾಶ್ ಫೋಟೋದಲ್ಲಿ ಹಿಟ್ಟು ಮೆತ್ತಿದ ಹಾಗೆ ಬರುತ್ತೆ, ಅದನ್ನು ತಪ್ಪಿಸೋದು. ಇದನ್ನು ಕಲಿಸೋರು ಕಡಿಮೆ. 1975ರಿಂದ ನಮ್ಮ ಮನೆಗಳಿಗೆ ನುಗ್ಗಿದ ಫೇರ್ ಅಂಡ್ ಲವ್ಲಿ ತನ್ನ ಹೆಸರಿನಿಂದ 'ಫೇರ್' ತೆಗೆದಿದ್ದು 2020ರಲ್ಲಿ. 2017ರಲ್ಲಿ ಗಾಯಕಿ ರಿಹಾನಾ ತನ್ನ ಫೆಂಟಿ ಬ್ಯೂಟಿ ಕಂಪನಿಯಿಂದ ಒಂದೇ ಸಲಕ್ಕೆ 40 ಶೇಡ್ ಫೌಂಡೇಶನ್ ತಂದಳು. ಕಪ್ಪು ಹೆಣ್ಣುಮಕ್ಕಳಿಗೂ ಅವರ ಬಣ್ಣ ಸಿಕ್ಕಿತು, ಬೇರೆ ಕಂಪನಿಗಳೂ ಶೇಡ್ ಜಾಸ್ತಿ ಮಾಡಬೇಕಾಯ್ತು. ನಮ್ಮ ಹುಡುಗಿಯರಿಗೆ ಈ ವಿದ್ಯೆ ಬಂದ್ರೆ ಅವರ ಅನ್ನಕ್ಕೂ ದಾರಿ. ಕಪ್ಪು ಮದುವಣಗಿತ್ತಿಯನ್ನು ಕಪ್ಪಾಗಿಯೇ ಚಂದ ಕಾಣಿಸೋ ಕೈಗೆ ಈ ಊರಲ್ಲಿ ಗಿರಾಕಿಗಳಿಗೆ ಬರ ಇಲ್ಲ.

ಇನ್ನು ಜಾತಿ. ಇದೇ ಹುಡುಗಿಗೆ ಅಂತೂ ಸ್ವಂತ ಬುಕಿಂಗ್ ಒಂದು ಬಂತು. ಟ್ರಯಲ್ ಮೇಕಪ್ ಮಾಡಿದಳು, ಹುಡುಗಿಗೆ ಇಷ್ಟವಾಯ್ತು, ಕಾಫಿ ಕೊಟ್ಟರು. ಕಾಫಿ ಕೊಡುವಾಗ ಅಜ್ಜಿ ಕೇಳಿದರಂತೆ: "ನಿಮ್ಮದು ಯಾವ ಪೈಕಿನಮ್ಮ?" ಇವಳು ಸುಳ್ಳು ಹೇಳಲಿಲ್ಲ. ಮಾರನೇ ದಿನ ಮೆಸೇಜ್: "ಮದುವೆ ಡೇಟ್ ಮುಂದಕ್ಕೆ ಹೋಗಿದೆ." ಅದೇ ದಿನಾಂಕಕ್ಕೆ ಮದುವೆ ಆಯ್ತು. ಇನ್ನೊಬ್ಬ ಆರ್ಟಿಸ್ಟ್ ಪೇಜಿನಲ್ಲಿ ಇವಳೇ ಫೋಟೋ ನೋಡಿದಳು. ಬೈಗುಳ ಇಲ್ಲ, ಹೊಡೆತ ಇಲ್ಲ, ಪೊಲೀಸ್ ಠಾಣೆಗೆ ಕೊಂಡೊಯ್ಯೋಕೆ ಒಂದು ಸಾಲೂ ಇಲ್ಲ.

ಕಾನೂನು ಇಲ್ಲ ಅಂತಲ್ಲ. ಸಂವಿಧಾನದ 17ನೇ ವಿಧಿ ಇದೆ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನಾದರೂ ಕಸುಬು ಮಾಡದಂತೆ ತಡೆಯೋದು ಅಪರಾಧ ಅನ್ನುತ್ತೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿಯಲ್ಲೂ ವೃತ್ತಿ, ವ್ಯಾಪಾರಕ್ಕೆ ಅಡ್ಡಿ ಮಾಡೋದು ಸೇರಿದೆ. ಆದ್ರೆ ಬಾಯಿಮಾತಿನ ಬುಕಿಂಗ್, ಬಾಯಿಮಾತಿನ ರದ್ದು ಇರೋವರೆಗೂ ಈ ಸೆಕ್ಷನ್‌ಗಳಿಗೆ ಹಿಡಿತ ಸಿಗಲ್ಲ.

ಇದು ನಮ್ಮ ತುಮಕೂರು ರಸ್ತೆ ಕಡೆಯ ಕಥೆ. ಊರಿನ ಆ ತುದಿ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟ್‌ಗಳಲ್ಲಿ ಕೆಲಸ ಆಪ್ ಮೂಲಕ ಬರುತ್ತೆ. ಅಲ್ಲಿ ಜಾತಿ ಬಾಯಿಬಿಟ್ಟು ಕೇಳೋರು ಕಡಿಮೆ, ಗೇಟಿನಲ್ಲಿ ಫೋಟೋ ತೆಗೆಸಿ ಸರ್ವಿಸ್ ಲಿಫ್ಟ್ ಕಡೆ ಕೈ ತೋರಿಸ್ತಾರೆ. ಆದ್ರೂ ಆಪ್ ಕೆಲಸಕ್ಕೆ ದಾಖಲೆ ಇರುತ್ತೆ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದೆ. ಒಂದೊಂದು ವ್ಯವಹಾರದ ಮೇಲೆ ಕಂಪನಿಯಿಂದ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ಅಂತ ಅದರಲ್ಲಿದೆ. ಆಪ್ ಇಲ್ಲದೆ ಪೆಟ್ಟಿಗೆ ಹೊತ್ತು ಹೋಗೋಳು ಮಾತ್ರ ಆ ಕಾಯ್ದೆಯ ಹೊರಗೇ ಇದ್ದಾಳೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣಕ್ಕೆ ಕೈಹಾಕಿದ ನಿಯಮದ ವಿರುದ್ಧ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದು ಬೆಂಗಳೂರನ್ನು ನಿಲ್ಲಿಸಿದ್ರು, ಕೇಂದ್ರ ಸರ್ಕಾರ ಹಿಂದೆ ಸರೀತು. ಆ ತಾಯಂದಿರು ಉಳಿಸಿಕೊಂಡ ಪಿಎಫ್ ಈ ಮಕ್ಕಳಿಗೆ ಇಲ್ಲವೇ ಇಲ್ಲ.

ಹಾಗಾದ್ರೆ ಏನು ಕೇಳಬೇಕು? ನನ್ನ ಪಟ್ಟಿ ಇದು.

ಒಂದು. 2013ರ ಎಸ್‌ಸಿಎಸ್‌ಪಿ/ಟಿಎಸ್‌ಪಿ ಕಾಯ್ದೆ ಪ್ರಕಾರ ಅಭಿವೃದ್ಧಿ ಬಜೆಟ್ಟಿನ 24.1 ಪರ್ಸೆಂಟ್ ನಮ್ಮ ಪಾಲು. ಆ ದುಡ್ಡನ್ನು ಬೇರೆಡೆ ತಿರುಗಿಸೋಕೆ ಬಳಸ್ತಿದ್ದ 7(ಡಿ) ತೆಗೆಸೋಕೆ ವರ್ಷಗಟ್ಟಲೆ ಹೋರಾಡಿದ್ವಿ, 2023ರಲ್ಲಿ ತೆಗೆದರು. ಈಗ ಆ ದುಡ್ಡಿನಲ್ಲಿ ಮೇಕಪ್ ಕಲಿತ ಪ್ರತಿ ಹುಡುಗಿಗೂ ಸರ್ಟಿಫಿಕೇಟ್ ಜೊತೆಗೇ ಪೂರ್ತಿ ಕಿಟ್ ಕೊಡಲಿ, ಕಪ್ಪು ಮೈಬಣ್ಣದ ಶೇಡ್‌ಗಳ ಸಮೇತ. ಹೊಲಿಗೆ ಮೆಷಿನ್ ಕೊಡೋಕೆ ಬರುತ್ತೆ, ಇದು ಯಾಕೆ ಬರಲ್ಲ?

ಎರಡು. ಮೊದಲ ಒಂದು ವರ್ಷದ ಅಸಿಸ್ಟೆಂಟ್ ಕೆಲಸಕ್ಕೆ ಸ್ಟೈಪೆಂಡ್. 1961ರ ಅಪ್ರೆಂಟಿಸ್ ಕಾಯ್ದೆಯಲ್ಲಿ ಕಡ್ಡಾಯ ಇರೋದು 30 ಅಥವಾ ಹೆಚ್ಚು ಜನ ಇರೋ ಸಂಸ್ಥೆಗಳಿಗೆ. ನಾಲ್ಕೈದು ಜನರ ಮೇಕಪ್ ಸ್ಟುಡಿಯೋ ಅದಕ್ಕೆ ಸಿಗಲ್ಲ. ಹಾಗಾಗಿ ಸಮಾಜ ಕಲ್ಯಾಣ ಇಲಾಖೆಯೇ ಕೊಡಲಿ. ಹುಡುಗಿ ಬಿಟ್ಟು ಹೋಗೋದು ಆ ವರ್ಷದಲ್ಲೇ.

ಮೂರು. ಬುಕಿಂಗ್ ಬರವಣಿಗೆಯಲ್ಲಿ. ದಿನಾಂಕ, ಮೊತ್ತ, ಅಡ್ವಾನ್ಸ್, ರದ್ದಾದ್ರೆ ಎಷ್ಟು ವಾಪಸ್, ಎಲ್ಲ ಒಂದು ಮೆಸೇಜಿನಲ್ಲಿ. ಅಡ್ವಾನ್ಸ್ ಫೋನ್‌ಪೇ, ಗೂಗಲ್‌ಪೇನಲ್ಲೇ ತಗೊಳ್ಳಿ, ಸ್ಕ್ರೀನ್‌ಶಾಟ್ ಅಳಿಸಬೇಡಿ. ಜಾತಿ ಕೇಳಿದ ಮೇಲೆ ಕೆಲಸ ತಪ್ಪಿದ್ರೆ ಅವತ್ತೇ ಬರೆದಿಡಿ: ಯಾರು, ಎಷ್ಟು ಗಂಟೆಗೆ, ಏನಂದರು. ನಮ್ಮ ವಕೀಲ ಗೆಳೆಯರು ಈ ಮಕ್ಕಳಿಗೆ ಒಂದು ಪುಟದ ಕರಾರು ಕನ್ನಡದಲ್ಲಿ ಮಾಡಿಕೊಡಬೇಕು.

ನಾಲ್ಕು. ಇದು ನಮ್ಮವರಿಗೇ. ಸ್ಟೇಜಿನ ಮೇಲೆ ಬಾಬಾಸಾಹೇಬರ ಫೋಟೋ ಇಟ್ಟು ಪುರೋಹಿತರಿಲ್ಲದ ಮದುವೆ ಮಾಡ್ತೀವಿ, ಮೇಕಪ್‌ಗೆ ಮಾತ್ರ ಮಲ್ಲೇಶ್ವರದ ದೊಡ್ಡ ಸ್ಟುಡಿಯೋಗೆ ಕೇಳಿದಷ್ಟು ಕೊಡ್ತೀವಿ. ನಮ್ಮ ಹುಡುಗಿಯನ್ನು ಕರೆದರೆ "ನಮ್ಮೋಳೇ ಅಲ್ವಾ, ಒಂದೆರಡು ಸಾವಿರ ತಗೋ" ಅಂತೀವಿ. ನಮ್ಮೋಳು ಅನ್ನೋದಕ್ಕೆ ಪೂರ್ತಿ ರೇಟು ಕೊಡಬೇಕು, ನಾಲ್ಕು ಜನಕ್ಕೆ ಅವಳ ನಂಬರ್ ಕೊಡಬೇಕು. ಅವಳ ಮೊದಲ ಹತ್ತು ಮದುವೆ ನಮ್ಮ ಮನೆಗಳಲ್ಲೇ ಆಗಲಿ. ಹತ್ತು ಮದುವೆಯ ಫೋಟೋ ಇದ್ರೆ ಹನ್ನೊಂದನೆಯದು ತಾನಾಗಿ ಬರುತ್ತೆ.

ಐದು. ಒಬ್ಬೊಬ್ಬಳೇ ರಾತ್ರಿ ಆಟೋ ಹತ್ತೋದು ನಿಲ್ಲಬೇಕು. ಹತ್ತು ಹದಿನೈದು ಹುಡುಗಿಯರು ಸಹಕಾರ ಸಂಘ ಮಾಡಿಕೊಂಡ್ರೆ ಸ್ಟ್ರೈಟನರ್, ಲೈಟು ಹಂಚಿಕೊಳ್ಳಬಹುದು, ನಂಬಿಕೆಯ ಒಬ್ಬ ಆಟೋ ಅಣ್ಣನನ್ನು ತಿಂಗಳ ಲೆಕ್ಕಕ್ಕೆ ಇಟ್ಟುಕೊಳ್ಳಬಹುದು, ಆಷಾಢಕ್ಕೆ ಅಂತ ಸ್ವಲ್ಪ ಸ್ವಲ್ಪ ಕೂಡಿಡಬಹುದು. ಇಂಥ ಸಂಘ ಕಟ್ಟೋದು ನಮಗೆ ಬರುತ್ತೆ. ಮುಷ್ಕರ ಕಟ್ಟಿದ ಕೈಗೆ ಇದೇನು ಕಷ್ಟ?

ಈ ಹುಡುಗಿಯರು ಯಾರ ಉಪಕಾರವನ್ನೂ ಕೇಳ್ತಿಲ್ಲ. ಕಲಿತಿದ್ದಾರೆ, ದುಡೀತೀವಿ ಅಂತಿದ್ದಾರೆ. ಬ್ರಷ್ ಹಿಡಿಯೋಕೆ ಕಲಿಸಿ ಬಾಗಿಲಲ್ಲಿ ಬಿಟ್ಟು ಬರೋ ಯೋಜನೆಗೆ ನಾವು ಚಪ್ಪಾಳೆ ತಟ್ಟಬಾರದು. ಬಾಗಿಲ ಒಳಗೆ ಹೋಗೋವರೆಗೂ ಜೊತೆಗಿರಬೇಕು.

ಈ ಭಾನುವಾರ ಬೆಳಗ್ಗೆ ದಾಸರಹಳ್ಳಿಯಲ್ಲಿ ಕೂತು ಇಲಾಖೆಗೆ ಕೊಡೋ ಮನವಿ ಬರೀತಿದ್ದೀವಿ. ತರಬೇತಿ ಮುಗಿಸಿ ಮನೆಯಲ್ಲೇ ಕೂತಿರೋ ಹುಡುಗಿಯರು ನಿಮಗೆ ಗೊತ್ತಿದ್ರೆ ಸರ್ಟಿಫಿಕೇಟ್ ಜೆರಾಕ್ಸ್ ಸಮೇತ ಕರ್ಕೊಂಡು ಬನ್ನಿ. ಮುಂದಿನ ತಿಂಗಳುಗಳಲ್ಲಿ ನಿಮ್ಮ ಮನೆಯಲ್ಲಿ ಮದುವೆ ಇದ್ರೆ ಕಾಮೆಂಟಿನಲ್ಲಿ ದಿನಾಂಕ ಹಾಕಿ. ಕೈ ಸಿದ್ಧ ಇದೆ.

ಜೈ ಭೀಮ್.